ಪರದೆಯಕ್ಕ ಮನೆಗೆ ಬೆಲೆ ಕಟ್ಟಿಸಿದ್ದು

ಸೇತುವೆ ದಾಟಿ ಈಚೆಗೆ ಇಳಿದರೆ ನಮ್ಮ ಬೀದಿ. ಬೀದಿಯ ಕೊನೆಗೆ ಚರ್ಮ ಹದ ಮಾಡುವ ಕಾರ್ಖಾನೆ ಇತ್ತು. ಅದು ಒಮ್ಮೆ ಉಸಿರು ಬಿಟ್ಟರೆ ಸಾಕು, ಒಣಹಾಕಿದ ಬಟ್ಟೆಗೂ ಬಾಯಲ್ಲಿಟ್ಟ ತುತ್ತಿಗೂ ಅದರದೇ ವಾಸನೆ. ಆ ವಾಸನೆಗೆ ಹೆದರಿ ಬೆಳ್ಳಗಿನವರು ಯಾರೂ ಈಚೆಗೆ ವಾಸಕ್ಕೆ ಬರುತ್ತಿರಲಿಲ್ಲ. ನಮ್ಮ ಬಣ್ಣಕ್ಕೆ ಹೆದರಿ ಆಚೆ ಯಾರೂ ನಮಗೆ ಮನೆ ಕೊಡುತ್ತಿರಲಿಲ್ಲ. ಹೀಗಾಗಿ ವಾಸನೆಯೂ ನಾವೂ ಗಂಡ ಹೆಂಡಿರ ಹಾಗೆ, ದಿನಾ ಬೈದುಕೊಂಡು, ಒಂದೇ ಬೀದಿಯಲ್ಲಿ ಬಾಳಿದೆವು.

ಆ ಬೀದಿಯಲ್ಲಿ ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತ ಎರಡು ಮನೆಗಳಿದ್ದವು. ಒಂದೇ ದಿನ ಪಾಯ ತೋಡಿ, ಒಂದೇ ಭಟ್ಟಿಯ ಇಟ್ಟಿಗೆ ತಂದು, ಒಬ್ಬನೇ ಮೇಸ್ತ್ರಿ ಎಬ್ಬಿಸಿದ ಅವಳಿ ಮನೆಗಳು. ಇಲ್ಲಿ ಕೆಮ್ಮಿದರೆ ಅಲ್ಲಿಂದ ನೀರು ಕುಡಿಯಿರಿ ಎನ್ನುತ್ತಿದ್ದರು. ಎಡಗಡೆಯದು ಪರದೆಯಕ್ಕನ ತಾಯಿಯದು. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು ಒಗೆದು ಉಗುರು ಸವೆಸಿಕೊಂಡ ಆಕೆ ಆ ಮನೆಯನ್ನು ಕೊಂಡದ್ದು ಬೀದಿಗೇ ಒಂದು ಸುದ್ದಿಯಾಗಿತ್ತಂತೆ. ಕೊಂಡ ಹೊಸದರಲ್ಲಿ ಸೇತುವೆಯಾಚೆಯ ಪುಂಡರು ಮೋಟಾರು ಸೈಕಲ್ಲಿನಲ್ಲಿ ಬಂದು, ಯಾವ ಕಿಟಕಿಯಲ್ಲಿ ನಮ್ಮ ಬಣ್ಣದ ಮುಖ ಕಂಡರೆ ಆ ಕಿಟಕಿಗೆ ಕಲ್ಲು ಬೀಸಿ ಹೋಗುತ್ತಿದ್ದರು. ತಾಯಿ ಪೋಲೀಸರ ಹತ್ತಿರ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಹರಿದದ್ದೆಂದು ಎಸೆದ ಬಟ್ಟೆಗಳನ್ನು ತಂದು, ಕಡುನೀಲಿ ಬಣ್ಣದಲ್ಲಿ ಅದ್ದಿ, ಬೀದಿಯ ಕಡೆಯ ದೊಡ್ಡ ಕಿಟಕಿಗೆ ಪರದೆ ಹೊಲಿದಳು. ಪರದೆ ಇಲ್ಲದ ಕಿಟಕಿ ರೆಪ್ಪೆ ಇಲ್ಲದ ಕಣ್ಣಿದ್ದ ಹಾಗೆ, ಧೂಳೆಲ್ಲ ಒಳಗೇ ಎನ್ನುವುದು ಅವಳ ಮಾತು. ಪುಂಡರು ಮುದುಕರಾದರು, ಕಲ್ಲು ನಿಂತಿತು, ಆ ಪರದೆ ಮಾತ್ರ ಹಗಲು ಹೊತ್ತು ಸರಿಯಲಿಲ್ಲ. ಮಕ್ಕಳು ಆ ನೀಲಿ ಬೆಳಕಿನಲ್ಲೇ ಓದಿದರು, ಜಗಳವಾಡಿದರು, ಬೆಳೆದರು.

ಮಗಳಿಗೆ ಅದೇ ಕಸುಬಾಯಿತು. ಬೀದಿಯ ಒಂದೊಂದು ಕಿಟಕಿಯ ಉದ್ದಗಲವೂ ಅವಳಿಗೆ ಬಾಯಿಪಾಠ. ಯಾರದಾದರೂ ಮದುವೆ ನಿಶ್ಚಯವಾದರೆ ಮೊದಲು ಪರದೆಯಕ್ಕನಿಗೆ ಹೇಳಿಕಳಿಸುತ್ತಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವವರು ಬೇರೆ ಕಡೆ ಇರಬಹುದು, ನಮ್ಮಲ್ಲಿ ಸೊಸೆ ಬರುವ ಮೊದಲೇ ಪರದೆ. ಎದುರು ಮನೆಯ ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದ ಪೈಪಿನಜ್ಜ, ಊರಿನ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿ ಸೊಂಟ ಮುರಿದುಕೊಂಡವನು, ಹಳೆಯ ಕಬ್ಬಿಣದ ಬಿಲ್ಲೆಗಳನ್ನು ಅವಳಿಗೆ ತಂದುಕೊಡುತ್ತಿದ್ದ. ಅವನ್ನು ಪರದೆಯ ಕೆಳಮಡಿಕೆಯೊಳಗೆ ಸೇರಿಸಿ ಹೊಲಿದರೆ ಬಟ್ಟೆ ನೆಟ್ಟಗೆ ತೂಗುತ್ತದೆ. ಗಾಳಿಗೆ ಹಾರಾಡುವುದು ಬಾವುಟ, ಪರದೆಯಲ್ಲ ಎನ್ನುತ್ತಿದ್ದಳು. ಅವಳಿಗೂ ಒಂದು ಮದುವೆಯಾಗಿತ್ತು. ಅದಕ್ಕೆ ಮಾತ್ರ ಬಿಲ್ಲೆ ಸೇರಿಸುವುದನ್ನು ಮರೆತಳೋ ಏನೋ, ಮೊದಲನೆಯ ಗಾಳಿಗೇ ಹಾರಿಹೋಯಿತು. ಅಲ್ಲಿಂದಾಚೆಗೆ ತಾಯಿ, ಮಿಷನ್ನು, ಕಿಟಕಿ.

ಹೀಗಿರುವಾಗ ಚರ್ಮದ ಕಾರ್ಖಾನೆ ಮುಚ್ಚಿತು. ವಾಸನೆ ಹೋಯಿತೆಂದು ನಾವೆಲ್ಲ ಮೂಗರಳಿಸಿ ಖುಷಿಪಟ್ಟೆವು. ಅದು ನಮ್ಮ ಕಾವಲುನಾಯಿಯಾಗಿತ್ತು ಎಂಬುದು ಯಾರಿಗೆ ಗೊತ್ತಿತ್ತು? ನಾಯಿ ಸತ್ತ ಮೇಲೆ ಬಾಗಿಲು ತಟ್ಟುವವರು ಬಂದರು. ಮೊದಲು ಕ್ಯಾಮೆರಾ ಹಿಡಿದವರು ಬಂದು ನಮ್ಮ ಸವೆದ ಮೆಟ್ಟಿಲುಗಳ ಫೋಟೋ ತೆಗೆದರು. ಆಮೇಲೆ ಕಾರ್ಖಾನೆಯ ಜಾಗದಲ್ಲಿ ಗಾಜಿನ ಮಹಡಿ ಎದ್ದಿತು. ಆಮೇಲೆ ಮಾತಾಡಿಸುವ ನೆವದಲ್ಲಿ, ನಿಮಗೆ ಮಾರುವ ಯೋಚನೆ ಇದೆಯಾ ಎಂದು ಕೇಳುವವರು ಬಂದರು. ಅವಳಿ ಮನೆಯ ಬಲಗಡೆಯದನ್ನು ಅಲ್ಲಿದ್ದ ಅಂಚೆಯವನ ಮಕ್ಕಳು ಮಾರಿದರು. ಕೊಂಡ ಬೆಳ್ಳಗಿನ ಗಂಡ ಹೆಂಡತಿ ಮಾಡಿದ ಮೊದಲನೆಯ ಕೆಲಸವೆಂದರೆ ಪರದೆಯಕ್ಕ ಹೊಲಿದ ಪರದೆಗಳನ್ನೆಲ್ಲ ಇಳಿಸಿ ಕಸದ ಡಬ್ಬಿಯ ಪಕ್ಕ ಇಟ್ಟದ್ದು. ಹೊಸದನ್ನು ಹಾಕಲಿಲ್ಲ. ದೀಪ ಹಚ್ಚಿಕೊಂಡು, ಉಣ್ಣುವುದು, ಓದುವುದು, ಮುನಿಸಿಕೊಳ್ಳುವುದು ಎಲ್ಲವನ್ನೂ ಬೀದಿಗೆ ತೋರಿಸಿಕೊಂಡೇ ಮಾಡುತ್ತಿದ್ದರು. ಟಿಕೆಟ್ಟಿಲ್ಲದ ನಾಟಕ ಎಂದು ಪೈಪಿನಜ್ಜ ಕುರ್ಚಿ ಹಾಕಿಕೊಂಡು ಕೂತ. ಎರಡನೆಯ ಸಂಜೆ ಆ ಗಂಡ ಹೊರಗೆ ಬಂದು, ನಿಮಗೇನಾದರೂ ಬೇಕಾಗಿತ್ತಾ ಎಂದು ಕೇಳಿದ. ನೀವು ತೋರಿಸಿದರೆ ಪರವಾಗಿಲ್ಲ, ನಾವು ನೋಡಬಾರದು, ಅಷ್ಟೇ ಎಂದು ಅಜ್ಜ ಕುರ್ಚಿ ಮಡಚಿದ.

ಆ ವರ್ಷವೇ ತಾಯಿ ತೀರಿಕೊಂಡಳು. ಮನೆಯನ್ನು ಮಗಳಿಗೂ ಮಗನಿಗೂ ಸಮವಾಗಿ ಬಿಟ್ಟಿದ್ದಳು. ಮಗ ಎಂದರೆ ಪರದೆಯಕ್ಕನ ತಮ್ಮ, ಬಸ್ಸು ಓಡಿಸುವವನು. ಹೆಂಡತಿ, ಎರಡು ಹೆಣ್ಣುಮಕ್ಕಳೊಂದಿಗೆ ಊರಾಚೆಯ ಒಂದು ಕೋಣೆಯಲ್ಲಿದ್ದ. ಬೆನ್ನುಮೂಳೆ ಸವೆದಿತ್ತು. ಇನ್ನೆಷ್ಟು ದಿನ ಸ್ಟೀರಿಂಗ್ ಹಿಡಿಯುತ್ತೇನೋ ಎಂಬ ಹೆದರಿಕೆ ಅವನದು. ಆದರೂ ಅವನು ಅಕ್ಕನನ್ನು ಬೀದಿಪಾಲು ಮಾಡುವವನಲ್ಲ. ಅಕ್ಕನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಹೇಳಿದ:

"ಮನೆ ನೀನೇ ಇಟ್ಕೋ ಅಕ್ಕಾ. ಅಮ್ಮನ್ನ ನೋಡ್ಕೊಂಡವಳು ನೀನು. ಬ್ಯಾಂಕಿನವರು ಎಷ್ಟು ಬೆಲೆ ಕಟ್ತಾರೋ ಕಟ್ಲಿ, ಅದರಲ್ಲಿ ಅರ್ಧ ನನಗೆ ಕೊಡು. ನಾನು ಚೌಕಾಸಿ ಮಾಡಲ್ಲ."

ಅಕ್ಕ ಸಾಲಕ್ಕೆ ಅರ್ಜಿ ಹಾಕಿದಳು. ಬ್ಯಾಂಕು ಬೆಲೆ ಕಟ್ಟುವವನನ್ನು ಕಳಿಸಿತು. ಅವನು ಬರುವ ದಿನ ಅವಳು ಮನೆಯನ್ನು ಮದುವೆ ಹೆಣ್ಣಿನಂತೆ ಸಿಂಗರಿಸಿದ್ದಳು. ತಾಯಿಯ ದೊಡ್ಡ ಫೋಟೋ, ತಮ್ಮ ಬಸ್ಸಿನ ಮುಂದೆ ನಿಂತದ್ದು, ಅಜ್ಜ ಅಜ್ಜಿ, ಎಲ್ಲರ ಗಾಜೂ ಒರೆಸಿಕೊಂಡು ಮಿಂಚುತ್ತಿತ್ತು. ಬೆಲೆ ಕಟ್ಟುವವನು ಬಾಗಿಲಲ್ಲಿ ಅವಳನ್ನು ನೋಡಿದ, ಗೋಡೆಯ ಮೇಲೆ ಸಾಲಾಗಿ ನಿಂತ ಕಪ್ಪು ಮುಖಗಳನ್ನು ನೋಡಿದ, ಚಹಾ ಬೇಡವೆಂದ, ಮಹಡಿಗೆ ಹತ್ತಲೇ ಇಲ್ಲ. ಮೇಲೂ ಹೀಗೇ ಅಲ್ವಾ ಎಂದು ಕೇಳಿ, ತಾನೇ ಹೌದೆಂದು ತಲೆಯಾಡಿಸಿ ಹೊರಟ.

ಬಂದ ಬೆಲೆ ಪಕ್ಕದ ಮನೆ ಮಾರಿದ್ದರ ಅರ್ಧಕ್ಕೂ ಕಡಿಮೆ. ಅದೇ ಇಟ್ಟಿಗೆ, ಅದೇ ಮೇಸ್ತ್ರಿ, ಅದೇ ಗೋಡೆ. ಗೋಡೆಯ ಆ ಮುಖಕ್ಕೆ ಒಂದು ಬೆಲೆ, ಈ ಮುಖಕ್ಕೆ ಒಂದು.

ಒಂದು ಲೆಕ್ಕಕ್ಕೆ ಅದು ಅವಳಿಗೆ ಒಳ್ಳೆಯದೇ ಆಗಿತ್ತು. ಆ ಬೆಲೆಯ ಅರ್ಧವಾದರೆ ಸಾಲ ಸಿಗುತ್ತಿತ್ತು, ಮಿಷನ್ನು ತುಳಿದು ತೀರಿಸಿಬಿಡುತ್ತಿದ್ದಳು, ಮನೆ ಉಳಿಯುತ್ತಿತ್ತು. ಪೈಪಿನಜ್ಜನೂ ಅದನ್ನೇ ಹೇಳಿದ: ಅವನ ಕುರುಡು ನಿನ್ನ ಪುಣ್ಯ, ಬಾಯಿ ಮುಚ್ಕೊಂಡು ಸಹಿ ಹಾಕು ತಾಯಿ. ಆದರೆ ತಮ್ಮನ ಮುಖ ಸಣ್ಣದಾಯಿತು. ಚೌಕಾಸಿ ಮಾಡುವುದಿಲ್ಲವೆಂದು ಹೇಳಿದ್ದ, ಮಾಡಲಿಲ್ಲ. ಚಹಾ ಲೋಟದೊಳಗೆ ನೋಡುತ್ತ ಒಂದೇ ಮಾತು ಕೇಳಿದ:

"ಅವನಿಗೆ ನೀನೇನಾದರೂ ಹೇಳಿಕೊಟ್ಟಿದ್ಯಾ ಅಕ್ಕಾ?"

ಬಡವರ ಮನೆಯಲ್ಲಿ ಮಾತು ಬೀಳುವುದಕ್ಕೆ ಜಾಗ ಕಡಿಮೆ, ಬಿದ್ದರೆ ಯಾರ ಮೈಮೇಲಾದರೂ ಬೀಳಲೇಬೇಕು. ಆ ತಮ್ಮನಿಗೆ ಶಾಲೆಯ ಸಮವಸ್ತ್ರ ಹೊಲಿದವಳು ಅವಳು. ಅವನು ಹೋದ ಮೇಲೆ ತಾಯಿಯ ಫೋಟೋದ ಗಾಜನ್ನು ಮತ್ತೊಮ್ಮೆ ಒರೆಸಿದಳು. ತಮ್ಮನ ಅನುಮಾನಕ್ಕಿಂತ ಹೆಚ್ಚಾಗಿ ಅವಳನ್ನು ಚುಚ್ಚಿದ್ದು ಆ ಬೆಲೆಯೇ. ಉಗುರು ಸವೆಸಿ ಕೊಂಡ ಮನೆಗೆ, ಅದನ್ನು ಕೊಂಡವಳ ಮುಖವೇ ಕಳಂಕವಾಯಿತಲ್ಲ.

ಈಗ ಮೇಡಂ ವಿಷಯ ಹೇಳಬೇಕು. ಗಾಜಿನ ಮಹಡಿಯಲ್ಲಿ ಬಾಡಿಗೆಗಿದ್ದ ಬೆಳ್ಳಗಿನ ಹೆಣ್ಣು, ಮಕ್ಕಳಿಗೆ ಚಿತ್ರಕಲೆ ಕಲಿಸುವವಳು. ದಿಂಬಿನ ಕವರು ಹೊಲಿಸಲು ಬಂದವಳು ಹಾಗೇ ಪರಿಚಯವಾಗಿ, ವಾರಕ್ಕೊಮ್ಮೆಯಾದರೂ ಅಡುಗೆಮನೆಯ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಚಹಾ ಕುಡಿದು ಹೋಗುತ್ತಿದ್ದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಪೈಪಿನಜ್ಜ ಗೊಣಗುತ್ತಿದ್ದ. ಆದರೆ ಮೇಡಂ ಒಳ್ಳೆಯವಳೇ. ಕತೆಯ ಕಷ್ಟವೇ ಅದು. ಕೆಟ್ಟವಳಾಗಿದ್ದರೆ ಪರದೆಯಕ್ಕ ಅವಳ ಮುಂದೆ ಬಾಯಿ ಬಿಡುತ್ತಿರಲಿಲ್ಲ. ನಡೆದದ್ದನ್ನೆಲ್ಲ ಕೇಳಿ ಮೇಡಂ ಕಣ್ಣಲ್ಲಿ ನೀರು ತಂದುಕೊಂಡಳು, ಆಮೇಲೆ ಸಿಟ್ಟು ತಂದುಕೊಂಡಳು, ಆಮೇಲೆ ಒಂದು ಉಪಾಯ ತಂದಳು.

"ಇನ್ನೊಂದು ಬ್ಯಾಂಕಿಗೆ ಅರ್ಜಿ ಹಾಕಿ. ಬೆಲೆ ಕಟ್ಟೋರು ಬಂದಾಗ ಬಾಗಿಲು ನಾನು ತೆಗೀತೀನಿ. ಸುಳ್ಳೇನೂ ಹೇಳಲ್ಲ, ಬನ್ನಿ ಅಂತೀನಿ ಅಷ್ಟೇ."

ಅರ್ಜಿಯಲ್ಲಿ ಹೆಸರಿರುತ್ತದೆ, ಹೆಸರಿಗೆ ಬಣ್ಣವಿರುವುದಿಲ್ಲವಲ್ಲ. ಪರದೆಯಕ್ಕ ಒಪ್ಪಿದಳು. ಸಾಲ ಹೆಚ್ಚುತ್ತದೆ ಎಂಬುದು ಅವಳಿಗೆ ಹೊಳೆಯಲಿಲ್ಲವೇ? ಹೊಳೆದಿತ್ತು. ಇನ್ನೊಂದಿಷ್ಟು ಹೆಚ್ಚು ಹೊಲಿದರಾಯಿತು ಎಂದುಕೊಂಡಳು. ತಮ್ಮ ತಲೆ ಎತ್ತಿ ತನ್ನ ಮುಖ ನೋಡಬೇಕು, ತಾಯಿಯ ಮನೆಗೆ ತಾಯಿಯ ಮನೆಯ ಬೆಲೆ ಬರಬೇಕು, ಅಷ್ಟೇ ಆ ಹೊತ್ತಿಗೆ ತಲೆಯಲ್ಲಿದ್ದದ್ದು.

ಆ ದಿನ ಬೆಳಿಗ್ಗೆ ಇಬ್ಬರೂ ಸೇರಿ ಗೋಡೆಯಿಂದ ಜನರನ್ನೆಲ್ಲ ಇಳಿಸಿದರು. ಫೋಟೋ ತೆಗೆದಲ್ಲೆಲ್ಲ ಗೋಡೆ ತಿಳಿಬಣ್ಣದ ಚೌಕವಾಗಿ ಉಳಿಯಿತು. ಅವುಗಳ ಮೇಲೆ ಮೇಡಂ ತಾನು ಬರೆದ ಸೇಬು, ಸಮುದ್ರ, ಕುದುರೆಯ ಚಿತ್ರಗಳನ್ನು ತೂಗುಹಾಕಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಕಿಟಕಿಯ ಕಡೆ ನೋಡಿ, ಇದೂ ಹೋಗಬೇಕು ಎಂದಳು.

ಪರದೆಯಕ್ಕ ಸ್ಟೂಲು ಹತ್ತಿ ಕಡುನೀಲಿ ಪರದೆಯನ್ನು ಕೊಕ್ಕೆಯಿಂದ ಬಿಡಿಸಿದಳು. ಕೆಳಮಡಿಕೆಯ ಬಿಲ್ಲೆಗಳು ನೆಲಕ್ಕೆ ತಾಗಿ ಸಣ್ಣಗೆ ಸದ್ದು ಮಾಡಿದವು. ಆ ಕೋಣೆಗೆ ಹಾಡು ಹಗಲಲ್ಲಿ ಬೆಳಕು ಬಂದದ್ದು ಅದೇ ಮೊದಲು. ನೆಲದ ಹಲಗೆ ಜೇನಿನ ಬಣ್ಣದ್ದು ಎಂದು, ಹುಟ್ಟಿದಾಗಿನಿಂದ ಅದನ್ನೇ ಗುಡಿಸಿದವಳಿಗೆ ಅವತ್ತು ಗೊತ್ತಾಯಿತು. ಮೇಡಂ ಕೋಣೆಯ ನಡುವೆ ಬಿಸಿಲಲ್ಲಿ ನಿಂತು ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಬೆಲೆ ಕಟ್ಟುವ ಎರಡನೆಯವನು ಬಂದ. ಮೇಡಂ ಬಾಗಿಲು ತೆಗೆದು ಬನ್ನಿ ಎಂದಳು. ಪರದೆಯಕ್ಕ ಮೂಲೆಯಲ್ಲಿ ಮಿಷನ್ನಿನ ಮುಂದೆ ಕೂತು, ಮಡಿಲ ತುಂಬ ನೀಲಿ ಪರದೆಯನ್ನು ಹರಡಿಕೊಂಡಿದ್ದಳು. ಪರದೆಯ ಅಡಿಯಲ್ಲಿ ತಾಯಿಯ ಫೋಟೋ ಇತ್ತು. ಅವನು ಆ ಕಡೆ ನೋಡಿದಾಗ ಮೇಡಂ ತಾನಾಗಿಯೇ ಹೇಳಿದಳು:

"ಇವರು ಪರದೆ ಹೊಲಿಯೋರು."

ಅದೂ ಸುಳ್ಳಲ್ಲವಲ್ಲ. ಅವನು ಚಹಾ ಕುಡಿದ. ಮಹಡಿಗೆ ಹತ್ತಿದ, ಅಟ್ಟಕ್ಕೂ ಇಣುಕಿದ, ಮೆಟ್ಟಿಲ ಕಟಾಂಜನ ಸವರಿ ಹಳೆಯ ಕೆಲಸ ಎಂದು ಮೆಚ್ಚಿದ. ಕೋಣೆ ಅಳೆಯುವಾಗ, ಇದರ ತುದಿ ಹಿಡ್ಕೋಳಮ್ಮ ಎಂದು ಟೇಪಿನ ಕೊನೆಯನ್ನು ಪರದೆಯಕ್ಕನ ಕೈಗೆ ಕೊಟ್ಟ. ತನ್ನ ಮನೆಯ ಅಗಲವನ್ನು ಅವಳು ಕೆಲಸದವಳಾಗಿ ಹಿಡಿದು ನಿಂತಳು. ಮೇಡಂ ಮಾತ್ರ ಮಾತಿನ ಓಘದಲ್ಲಿದ್ದಳು. ಈ ಗೋಡೆಗೆ ಪುಸ್ತಕದ ಕಪಾಟು, ಕಿಟಕಿಯ ಹತ್ತಿರ ಓದುವ ಕುರ್ಚಿ, ಮೇಲಿನ ಕೋಣೆ ಚಿತ್ರ ಬರೆಯುವುದಕ್ಕೆ, ಉತ್ತರದ ಬೆಳಕು ನೋಡಿ ಎಂದೆಲ್ಲ ಹೇಳಿದಳು. ಕೇಳಿದವರಿಗೆ ಅದು ನಾಟಕವೆಂದು ಅನ್ನಿಸುವ ಹಾಗಿರಲಿಲ್ಲ. ಹೇಳುತ್ತಿದ್ದವಳಿಗೂ ಕೊನೆಕೊನೆಗೆ ಹಾಗೆ ಅನ್ನಿಸುತ್ತಿರಲಿಲ್ಲ ಎಂದು ಪರದೆಯಕ್ಕನಿಗೆ ಅವತ್ತೇ ಎಲ್ಲೋ ಚುರುಕೆಂದಿತ್ತು.

ಈ ಸಲದ ಬೆಲೆ ಪಕ್ಕದ ಮನೆಯದನ್ನೂ ಮೀರಿಸಿತು.

ಬೆಲೆ ಬರೆದ ಕಾಗದವನ್ನು ತಮ್ಮನ ಕೈಗೆ ಕೊಟ್ಟು, ನಾನು ಯಾರಿಗೂ ಏನೂ ಹೇಳಿಕೊಟ್ಟಿರಲಿಲ್ಲ ಎಂದಳು. ತಮ್ಮ ಓದಿದ, ಮತ್ತೆ ಓದಿದ. ಹೇಗಾಯಿತೆಂದು ಕೇಳಿದ. ಅಕ್ಕ ಹೇಳಿದಳು. ಫೋಟೋಗಳನ್ನು ಇಳಿಸಿದ್ದನ್ನು, ಟೇಪು ಹಿಡಿದದ್ದನ್ನು. ಅವನು ಅಕ್ಕನ ಎರಡೂ ಕೈ ಹಿಡಿದುಕೊಂಡು, ಬಸ್ಸಿನಲ್ಲಿ ಪರ್ಸು ಕಳೆದುಕೊಂಡವನ ಹಾಗೆ ಅತ್ತ. ಅಕ್ಕ ತಮ್ಮಂದಿರ ನಡುವಿನ ಮುಳ್ಳು ಅವತ್ತಿಗೆ ಹೋಯಿತು. ಆ ನಂಟೊಂದು ಉಳಿಯಿತು ಎನ್ನಬೇಕು.

ಏಕೆಂದರೆ ಮಿಕ್ಕದ್ದು ಯಾವುದೂ ಉಳಿಯಲಿಲ್ಲ. ಬ್ಯಾಂಕಿನ ಹುಡುಗಿ ನಯವಾಗಿಯೇ ಹೇಳಿದಳು: ಮನೆಗೆ ಇಷ್ಟು ಬೆಲೆ ಇರುವುದು ನಿಜ, ಆದರೆ ಇದರ ಅರ್ಧದಷ್ಟು ಸಾಲವನ್ನು ನಿಮ್ಮ ಹೊಲಿಗೆಯ ಸಂಪಾದನೆಯ ಮೇಲೆ ಕೊಡಲಾಗುವುದಿಲ್ಲ. ಅಕ್ಕ ಮೊದಲನೆಯ ಬ್ಯಾಂಕಿಗೆ ಓಡಿದಳು. ಅವರು, ಹಳೆಯ ಬೆಲೆಯ ಅರ್ಧವೇ ತಮ್ಮನ ಪಾಲೆಂದು ಇಬ್ಬರೂ ಒಪ್ಪಿದರೆ ಸಾಲ ಕೊಡುತ್ತೇವೆ ಎಂದರು. ತಮ್ಮ ಒಪ್ಪುವವನೇ. ಎರಡು ದಿನ ಒಪ್ಪಿಕೊಂಡೂ ಇದ್ದ. ಆಮೇಲೆ ಅವನ ಹೆಂಡತಿ ಬಂದಳು. ಜಗಳವಾಡಲಿಲ್ಲ. ಹೊಸಿಲಲ್ಲೇ ನಿಂತು ಹೇಳಿದಳು:

"ಅತ್ತಿಗೆ, ಬೆಲೆ ಗೊತ್ತಿಲ್ಲದೆ ಹೋಗಿದ್ರೆ ನಾನು ಸುಮ್ಮನಿರ್ತಿದ್ದೆ. ಈಗ ಗೊತ್ತಾಗಿಬಿಟ್ಟಿದೆ. ಇವರ ಬೆನ್ನು ಕೈಕೊಟ್ಟ ದಿನ ಆ ಎರಡು ಹುಡುಗೀರಿಗೆ ನಾನೇನು ಹೇಳ್ಲಿ?"

ಗೊತ್ತುಮಾಡಿಸಿದವಳು ಪರದೆಯಕ್ಕ ತಾನೇ. ಬೆಲೆ ಎಂಬುದು ಸೂಜಿ ತೂರಿದ ತೂತಿನ ಹಾಗೆ, ಹೊಲಿಗೆ ಬಿಚ್ಚಿದರೂ ಬಟ್ಟೆಯಲ್ಲಿ ಉಳಿದುಕೊಳ್ಳುತ್ತದೆ. ಸರಿ, ಮಾರೋಣ ಎಂದಳು.

ಕೊಳ್ಳುವವರು ಸಾಲುಗಟ್ಟಿದರು. ಸಾಲಿನಲ್ಲಿ ಮೇಡಮ್ಮೂ ಇದ್ದಳು. ಅವಳ ತಂದೆ ಮುಂಗಡ ಕೊಡಲು ಒಪ್ಪಿದ್ದನಂತೆ. ಅಂಥವರಿಗೆ ತಂದೆಯೂ ಒಂದು ಬ್ಯಾಂಕು. ಎಲ್ಲರಿಗಿಂತ ಒಂದಿಷ್ಟು ಹೆಚ್ಚೇ ಕೊಡುತ್ತೇನೆಂದಳು. ಅಡುಗೆಮನೆಯ ಅದೇ ಕುರ್ಚಿಯಲ್ಲಿ, ಈ ಸಲ ಕಾಲು ಮಡಚದೆ ಕೂತು, ಹೀಗೆಂದಳು:

"ಯಾರೋ ಗೊತ್ತಿಲ್ಲದೋರ ಕೈಗೆ ಹೋಗೋದಕ್ಕಿಂತ, ಈ ಮನೇನ ಪ್ರೀತ್ಸೋರ ಕೈಗೆ ಹೋಗ್ಲಿ ಅಂತ. ನಿಮಗೆ ಬೇಜಾರಿಲ್ಲ ತಾನೇ?"

ಪರದೆಯಕ್ಕ ಅವಳ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದವಳು, ತುಂಬುವ ತನಕ ಬಗ್ಗಿಸಿ, ನಿಲ್ಲಿಸಿದಳು.

"ನಿಮಗೆ ಮನೆ ತೋರಿಸೋ ಶ್ರಮ ಒಂದು ತಪ್ಪಿತು ನೋಡಿ. ಆ ಕೆಲಸ ನೀವೇ ಮಾಡಿಬಿಟ್ಟಿದ್ರಿ" ಎಂದಳು.

ಮೇಡಂ ನಕ್ಕಳು. ಅದು ನಗುವ ಮಾತೆಂದು ಅವಳು ತಿಳಿದುಕೊಂಡಿದ್ದಳು.

ತಮ್ಮ ತನ್ನ ಪಾಲಿನಲ್ಲಿ ಊರಾಚೆ ಎರಡು ಕೋಣೆಯ ಮನೆ ಹಿಡಿದ. ಅಕ್ಕನ ಪಾಲಿಗೆ ಸಿಕ್ಕಿದ್ದೂ ಚಿಕ್ಕ ಮೊತ್ತವೇನಲ್ಲ, ಆದರೆ ಆ ಬೀದಿಯಲ್ಲಿ ಅದಕ್ಕೆ ಒಂದು ಬಾಗಿಲೂ ಬರುವಂತಿರಲಿಲ್ಲ. ಸೇತುವೆಯ ಆಚೆ ಈಗ ನಮಗೂ ಮನೆ ಕೊಡುತ್ತಾರೆ. ಬಣ್ಣ ಕೇಳುವುದಿಲ್ಲ, ಸಂಬಳ ಕೇಳುತ್ತಾರೆ, ಸಿಗುವ ಉತ್ತರ ಮಾತ್ರ ಅಂದಿನದೇ, ಇಲ್ಲ. ಅವಳು ಬಸ್ಸು ಬದಲಾಯಿಸಿ ಹೋಗುವಷ್ಟು ದೂರದಲ್ಲಿ, ಒಂದು ಗೋದಾಮಿನ ಬೆನ್ನಿಗೆ ಅಂಟಿದ ಎರಡು ಕೋಣೆ ಕೊಂಡಳು. ಅಲ್ಲಿನ ಕಿಟಕಿ ಎದುರಿನ ಗೋಡೆಗೆ ತೆರೆಯುತ್ತಿತ್ತು. ಪರದೆಯೇ ಬೇಕಿರಲಿಲ್ಲ. ತಾಯಿ ಹೊಲಿದ ನೀಲಿ ಪರದೆ ಮಡಚಿ ಪೆಟ್ಟಿಗೆಯ ತಳಕ್ಕೆ ಹೋಯಿತು.

ಬೇಸಿಗೆ ಬಂತು. ಮೇಡಂ ಫೋನು ಮಾಡಿದಳು. ಮಧ್ಯಾಹ್ನದ ಬಿಸಿಲಿಗೆ ಮುಂದಿನ ಕೋಣೆಯಲ್ಲಿ ಕೂರುವುದಕ್ಕಾಗುತ್ತಿಲ್ಲ, ಪುಸ್ತಕಗಳ ಬೆನ್ನು ಬಣ್ಣಗೆಡುತ್ತಿದೆ, ಸಂಜೆ ಹೋಗುವವರು ಬರುವವರು ಒಳಗೆ ನೋಡುತ್ತಾರೆ, ಒಂದು ಪರದೆ ಆಗಬೇಕಿತ್ತು, ಅಳತೆ ತೆಗೆಯಲು ಬರುತ್ತೀರಾ ಎಂದು ಕೇಳಿದಳು. ಅಳತೆ ಬೇಕಿಲ್ಲ, ಬರುತ್ತೇನೆ ಎಂದಳು ಪರದೆಯಕ್ಕ. ಹೊಸ ಬಟ್ಟೆ ತರಲಿಲ್ಲ. ಪೆಟ್ಟಿಗೆಯ ತಳದಿಂದ ನೀಲಿಯದನ್ನೇ ತೆಗೆದು, ಒಗೆದು, ಇಸ್ತ್ರಿ ಹಾಕಿದಳು. ಯಾಕೆ ಹಾಗೆ ಮಾಡಿದಳೆಂದು ತಮ್ಮ ಆಮೇಲೆ ಬೈದ. ಅದು ಆ ಕಿಟಕಿಯದು, ನನ್ನ ಹತ್ತಿರ ಇದ್ದು ಏನು ಮಾಡುತ್ತದೆ ಎಂದಳಂತೆ. ಕೂಲಿಯನ್ನು ಮಾತ್ರ ಸೇತುವೆಯಾಚೆಯ ದೊಡ್ಡ ಅಂಗಡಿಯವರು ಕೇಳುವಷ್ಟೇ ಕೇಳಿದಳು. ಮೇಡಂ ಮರುಮಾತಿಲ್ಲದೆ ಕೊಟ್ಟಳು.

ಸ್ಟೂಲು ಹತ್ತಿ ಕೊಕ್ಕೆಗೆ ಸಿಕ್ಕಿಸುವಾಗ ಮೇಡಂನ ಗೆಳತಿಯೊಬ್ಬಳು ಬಂದಳು. ಗೋಡೆಯ ಮೇಲೆ ಸೇಬು, ಸಮುದ್ರ, ಕುದುರೆ ಹಿಂದೆ ತೂಗುಹಾಕಿದ್ದಲ್ಲೇ ಇದ್ದವು. ಗೆಳತಿ ಸ್ಟೂಲಿನ ಮೇಲಿದ್ದವಳ ಕಡೆ ಕಣ್ಣೆತ್ತಿದಳು. ಮೇಡಂ ಒಂದು ಗಳಿಗೆ ತಡವರಿಸಿದಳು. ಬೇರೆ ಏನಾದರೂ ಹೇಳಬಹುದಿತ್ತು, ಬಾಯಿಗೆ ಬಂದದ್ದು ಅಂದು ಆಡಿದ್ದ ಮಾತೇ:

"ಇವರು ಪರದೆ ಹೊಲಿಯೋರು."

ಪರದೆಯಕ್ಕ ಕೊನೆಯ ಕೊಕ್ಕೆ ಸಿಕ್ಕಿಸಿ ಇಳಿದು, ಸ್ಟೂಲನ್ನು ಅದು ಇರಬೇಕಾದ ಜಾಗದಲ್ಲೇ, ಮೆಟ್ಟಿಲ ಕೆಳಗೆ, ಕೇಳದೆ ಇಟ್ಟು ಹೊರಗೆ ಬಂದಳು.

ಎದುರು ಮನೆಯ ಮುಂದೆ ಪೈಪಿನಜ್ಜ ತನ್ನ ಪಾತ್ರೆ ಪಗಡಗಳನ್ನು ಡಬ್ಬಕ್ಕೆ ತುಂಬುತ್ತಿದ್ದ. ಅವನಿದ್ದ ನೆಲಮಾಳಿಗೆಗೂ ಯಾರೋ ಬೆಲೆ ಕಟ್ಟಿದ್ದರು. ಕೈ ತಡೆದು ನಿಂತು ಕಿಟಕಿ ನೋಡಿದ. ಪರದೆ ಅಲುಗದೆ, ನೆಟ್ಟಗೆ, ಕಡುನೀಲಿಯಾಗಿ ಮುಚ್ಚಿಕೊಂಡಿತ್ತು.

"ಥೇಟ್ ನಿಮ್ಮಮ್ಮ ಒಳಗೆ ಇದ್ದ ಹಾಗೇ ಕಾಣ್ತದಲ್ಲೇ" ಎಂದ.

"ಅಮ್ಮ ಒಳಗಿದ್ದಿದ್ರೆ ಆ ಮನೆ ಬೆಲೆ ಅರ್ಧ, ಅಜ್ಜ" ಎಂದಳು ಪರದೆಯಕ್ಕ, ಮತ್ತು ಅವನ ಡಬ್ಬದ ಇನ್ನೊಂದು ತುದಿಗೆ ಕೈ ಕೊಟ್ಟಳು.